ಜಗಲಿಯ ಎರಡು ಬದಿ

ಕನ್ನಡ ನಾಡಿನ ಮಕ್ಕಳಿಗೆ ತರೀಕೆರೆಯ ಪರಿಚಯ ಮೊದಲು ಆಗುವುದು ನಾಲಿಗೆಯ ಮೂಲಕ. ಕೆರೆಯ ಏರಿಯನ್ನೂ ಅದರ ಮೇಲೆ ಮೇಯುವ ಕುರಿಮರಿಗಳನ್ನೂ ಹೆಣೆದ ಆ ತೊಡಕು ಮಾತನ್ನು ತಡವರಿಸದೆ ಹೇಳುತ್ತೇವೆಂದು ಪಂದ್ಯ ಕಟ್ಟದ ಬಾಲ್ಯವುಂಟೆ? ಊರಿನ ಹೆಸರು ನಾಡಿಗೆಲ್ಲ ಗೊತ್ತು. ಊರನ್ನು ಬಲ್ಲವರು ಮಾತ್ರ ಕಡಿಮೆ. ಅಮೃತಾಪುರದ ಗುಡಿಗೆ ಹೋಗುವವರು, ಕೆಮ್ಮಣ್ಣುಗುಂಡಿಗೆ ಹೊರಟವರು ತರೀಕೆರೆಯಲ್ಲಿ ಬಸ್ಸಿಳಿದು, ಒಂದು ಲೋಟ ಕಾಫಿ ಕುಡಿದು ಮುಂದಿನ ಬಸ್ಸು ಹಿಡಿಯುತ್ತಾರೆ. ಹಳೆಯ ಪೇಟೆಯ ಒಳಗೆ ಕಾಲಿಡುವ ಅಗತ್ಯ ಅವರಿಗೆ ಬೀಳುವುದಿಲ್ಲ. ಸಂಕೋಚ ಬಿಟ್ಟು ಹೇಳುವುದಾದರೆ, ಆ ಪೇಟೆಯ ಮನೆಯನ್ನೇ ನಮ್ಮ ಮನೆಯೆಂದು ಹೇಳಿಕೊಳ್ಳುತ್ತಿದ್ದ ನಮಗೂ ಅದು ಗೊತ್ತಿರಲಿಲ್ಲ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪರಸ್ಥಳಗಳಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ನಾವು ದಾವಣಗೆರೆಯಲ್ಲಿ ನೆಲೆಸಿದ್ದೆವು. 2022ರ ಕಾರ್ತೀಕ ಮಾಸದಲ್ಲಿ ನಮ್ಮ ತಾಯಿಯವರು ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದು ಬಂಧುಗಳು ಹೊರಟುಹೋದ ಮೇಲೆ, ಪೇಟೆಯ ಬೀದಿಯ ಆ ತೊಟ್ಟಿ ಮನೆಗೆ ಮೊಟ್ಟಮೊದಲ ಬಾರಿಗೆ ಬೀಗ ಬಿತ್ತು. ಬೀಗ ಬಿದ್ದ ವಾರದಲ್ಲಿಯೇ ಒಬ್ಬ ವ್ಯಾಪಾರಸ್ಥರು ಬಂದು, ಮನೆ ಕೆಡವಿ ಮಳಿಗೆ ಕಟ್ಟುವ ವಿಚಾರ ತಿಳಿಸಿ, ಒಳ್ಳೆಯ ಬೆಲೆಯನ್ನೇ ಹೇಳಿದರು. ವಾರಸುದಾರರು ಮೂವರು: ಕಡೂರಿನಲ್ಲಿರುವ ನಮ್ಮ ಅಕ್ಕ, ಅಜ್ಜಂಪುರದಲ್ಲಿರುವ ತಮ್ಮ, ಮತ್ತು ನಾವು. ತಮ್ಮನಿಗೆ ಮಗಳ ವಿದ್ಯಾಭ್ಯಾಸದ ಖರ್ಚಿತ್ತು. ಮಾರುವುದೇ ಸರಿ ಎಂಬುದು ಅವನ ಅಭಿಪ್ರಾಯ. ನಮಗೂ ಬೇರೆ ದಾರಿ ಕಾಣಲಿಲ್ಲ. ಆದರೂ ಯಾಕೋ ಮನಸ್ಸು ಒಪ್ಪದೆ, ಒಂದು ವರ್ಷದ ಅವಕಾಶ ಕೇಳಿದೆವು. ಆ ಒಂದು ವರ್ಷ ನಾವು ಆ ಮನೆಯಲ್ಲಿಯೇ ವಾಸವಾಗಿರುವುದು, ಆಮೇಲೆ ತೀರ್ಮಾನ ಎಂದು ಮಾತಾಯಿತು.

ಹೀಗೆ ಅರವತ್ತು ದಾಟಿದ ವಯಸ್ಸಿನಲ್ಲಿ ನಾವು ಪೇಟೆಯ ನಿವಾಸಿಗಳಾದೆವು. ದಪ್ಪ ಮಣ್ಣಿನ ಗೋಡೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ನಾಲ್ಕು ಅಂಕಣದ ಪಡಸಾಲೆ, ಕೈಗೆಟುಕದ ಎತ್ತರದಲ್ಲಿ ಅಟ್ಟ, ಕತ್ತಲ ನಡುಮನೆ, ಹಿತ್ತಿಲಲ್ಲಿ ಸೇದುವ ಬಾವಿ. ನೆಂಟರಾಗಿ ಬಂದಾಗ ಚೆಂದವೆನ್ನಿಸುತ್ತಿದ್ದ ಮನೆ, ವಾಸಕ್ಕೆ ಬಂದಾಗ ತನ್ನ ಲೆಕ್ಕಪತ್ರವನ್ನೆಲ್ಲ ಬಿಚ್ಚಿಟ್ಟಿತು. ತೊಲೆಯೊಂದಕ್ಕೆ ಗೆದ್ದಲು ಹತ್ತಿತ್ತು. ಮಳೆಗಾಲದಲ್ಲಿ ಏಳು ಕಡೆ ಪಾತ್ರೆ ಇಡಬೇಕಾಯಿತು. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ತೊಟ್ಟಿಯನ್ನು ಸುತ್ತಿ ಹೋಗಬೇಕು. ಹಳೆಯ ಮನೆಗಳನ್ನು ಹೊಗಳುವವರಲ್ಲಿ ಹೆಚ್ಚಿನವರು ಅವುಗಳಲ್ಲಿ ಒಂದು ಮುಂಗಾರನ್ನು ಕಳೆದವರಲ್ಲವೆಂದು ನಮಗನ್ನಿಸಿದ್ದುಂಟು. ಆದರೆ ಬೇಸಿಗೆಯ ಮಧ್ಯಾಹ್ನ ಫ್ಯಾನಿಲ್ಲದೆ ಪಡಸಾಲೆಯಲ್ಲಿ ಮಲಗಿದಾಗ, ಆ ಮಣ್ಣಿನ ಗೋಡೆಯ ತಂಪಿಗೆ ಹಿರಿಯರನ್ನು ನೆನೆದದ್ದೂ ಉಂಟು.

ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಬಿಸಿಲೇರುವ ಮುನ್ನ ಬೀದಿ ಸುತ್ತುವುದು ನಮ್ಮ ನಿತ್ಯದ ರೂಢಿಯಾಯಿತು. ಮಸೀದಿಯ ಬಾಂಗು ಮುಗಿದು ಗುಡಿಯ ಗಂಟೆ ಇನ್ನೂ ಮೊದಲಾಗದ ಆ ಹೊತ್ತಿನಲ್ಲಿ, ಊರು ತನ್ನನ್ನು ತೋರಿಸಿಕೊಳ್ಳಲು ಸಂಕೋಚಪಡುವುದಿಲ್ಲ. ನಮ್ಮ ಬೀದಿ ನೇರವಾಗಿಲ್ಲ. ನಾಲ್ಕು ಮನೆ ದಾಟಿದರೆ ಒಂದು ತಿರುವು, ಇನ್ನೆರಡು ದಾಟಿದರೆ ಮತ್ತೊಂದು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಗೆ ಒದಗಿದ ಈ ತಿರುವುಗಳಿಗೆ ಕಾರಣವಿರಬಹುದೆಂದು ನಾವು ಎಂದೂ ಯೋಚಿಸಿರಲಿಲ್ಲ. ಕೋಟೆಯ ಮಗ್ಗುಲಲ್ಲಿ ಬೆಳೆದ ಪೇಟೆಯ ಬೀದಿಗಳು, ಹೊರಗಿನಿಂದ ನುಗ್ಗಿ ಬರುವವರ ವೇಗಕ್ಕೆ ಅಡ್ಡಿಯಾಗುವಂತೆ ಹೀಗೆ ಬಾಗುತ್ತಿದ್ದವೆಂದು ನೆರೆಯ ಹಿರಿಯರೊಬ್ಬರು ಹೇಳಿದರು.

ತರೀಕೆರೆ ಪಾಳೆಯಗಾರರ ಊರು. ಅವರ ಮೂಲ ಬಸವಾಪಟ್ಟಣ. ಅಲ್ಲಿಂದ ಬಿಜಾಪುರದ ಸೈನ್ಯದ ಒತ್ತಡಕ್ಕೆ ಕದಲಿ, ಸಂತೆಬೆನ್ನೂರಿಗೆ ಬಂದು, ಕೊನೆಗೆ ತರೀಕೆರೆಯಲ್ಲಿ ನೆಲೆಯೂರಿದರು. ಸಂತೆಬೆನ್ನೂರಿನ ಪುಷ್ಕರಣಿಯನ್ನು ನೋಡಿ ಬೆರಗಾಗುವ ನಾವು, ಅದನ್ನು ಕಟ್ಟಿಸಿದ ಮನೆತನವೇ ಇಲ್ಲಿಗೂ ಬಂದು ಕೋಟೆ ಪೇಟೆಗಳನ್ನು ಬೆಳೆಸಿತೆಂಬುದನ್ನು ಮರೆಯುತ್ತೇವೆ. 1830ರಲ್ಲಿ ನಗರದ ರೈತರು ಬಂಡೆದ್ದಾಗ ತರೀಕೆರೆಯ ಪಾಳೆಯಗಾರರೂ ಅದರಲ್ಲಿ ಸೇರಿದರು. ಆ ಬಂಡಾಯದ ನೆಪದಿಂದಲೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಂದರೆ ಮೈಸೂರು ಸೀಮೆಯ ಐವತ್ತು ವರ್ಷಗಳ ಹಣೆಬರಹವನ್ನು ತಿರುಗಿಸಿದ ಪ್ರಕರಣದಲ್ಲಿ ನಮ್ಮ ಪೇಟೆಗೂ ಒಂದು ಪಾಲಿತ್ತು. ಶಾಲೆಯಲ್ಲಿ ನಾವು ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಬಾಯಿಪಾಠ ಮಾಡಿದ್ದೆವು. ಇದನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆಮೇಲೆ ಊರಿನ ಮುಖವೇ ತಿರುಗಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಿತು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಒಂದು ಕಿರುಹಳಿಯ ರೈಲೂ ಓಡಾಡಿತು. ಅದು ಈಗ ಹಿರಿಯರ ಮಾತಿನಲ್ಲಷ್ಟೇ ಉಳಿದಿದೆ. ವ್ಯಾಪಾರ ಕೋಟೆಯ ಕಡೆಯಿಂದ ಸ್ಟೇಷನ್ನಿನ ಕಡೆಗೆ ಸರಿಯಿತು. ಬಸ್ಸುಗಳು ಬಂದಾಗ ಬೆಂಗಳೂರು–ಹೊನ್ನಾವರ ಹೆದ್ದಾರಿಯ ಕಡೆಗೆ ಸರಿಯಿತು. ನಮ್ಮ ಮನೆಯ ತಲೆಬಾಗಿಲು ಮಾತ್ರ ಈಗಲೂ ಹಳೆಯ ದಿಕ್ಕಿಗೇ ಮುಖ ಮಾಡಿದೆ. ಇಂದಿನ ಊರಿಗೆ ಅದು ಬೆನ್ನು ತೋರಿಸಿಕೊಂಡು ಕುಳಿತಂತಿದೆ. ಕೊಳ್ಳಲು ಬಂದ ವ್ಯಾಪಾರಸ್ಥರಿಗೆ ಬೇಕಾಗಿದ್ದುದು ಆ ಬೆನ್ನಿನ ಭಾಗ, ಅಂದರೆ ಹಿತ್ತಿಲು.

ಮನೆಯ ಪತ್ರಗಳ ವಿಷಯವಾಗಿ ಅಕ್ಕನನ್ನು ಕಾಣಲು ನಾವು ಕಡೂರಿಗೆ ಹೋದೆವು. ಅವರ ಮನೆಯೂ ಹಳೆಯ ಊರಿನಲ್ಲಿಯೇ ಇದೆ. 1863ರಲ್ಲಿ ಕಡೂರು ಒಂದು ಜಿಲ್ಲೆಯ ಕೇಂದ್ರವಾಯಿತು. ಎರಡೇ ವರ್ಷದಲ್ಲಿ, 1865ರಲ್ಲಿ, ಕಚೇರಿಗಳೆಲ್ಲ ಚಿಕ್ಕಮಗಳೂರಿಗೆ ಹೊರಟುಹೋದವು. ಆದರೂ ಜಿಲ್ಲೆಗೆ ಕಡೂರಿನ ಹೆಸರೇ 1947ರವರೆಗೆ ಉಳಿಯಿತು. ಯಜಮಾನಿಕೆ ಹೋದ ಮೇಲೂ ಹೆಸರು ಹೇಳಿಕೊಂಡು ಬದುಕಿದ ದೊಡ್ಡ ಮನೆಯಂತೆ!

ಅಕ್ಕನ ಮುಂದೆ ನಾವು ತರೀಕೆರೆಯ ಮನೆಯ ಗುಣಗಾನ ಮಾಡುತ್ತ ಜಗಲಿಯ ವಿಷಯಕ್ಕೆ ಬಂದೆವು. ಬೀದಿಯುದ್ದಕ್ಕೂ ಚಾಚಿದ ಆ ಜಗಲಿಯಲ್ಲಿ ತಾತನವರು ಪಂಚಾಯಿತಿ ನಡೆಸಿದ್ದು, ಜಂಗಮರು ಬಂದು ವಿಶ್ರಮಿಸಿದ್ದು, ಸಂಜೆ ನಾಲ್ಕಾರು ಜನ ಸೇರಿ ಪೇಪರು ಓದಿಸಿ ಕೇಳಿದ್ದು ಇವನ್ನೆಲ್ಲ ನೆನಪಿಸಿದೆವು. ಅಕ್ಕ ಹುಣಸೆಹಣ್ಣು ಬಿಡಿಸುತ್ತ ಸುಮ್ಮನೆ ಕೇಳಿ, ಕೊನೆಗೆ ಹೇಳಿದರು:

“ಜಗಲಿ ನಿಮ್ದು ಕಣಪ್ಪ. ನಮಗಿದ್ದದ್ದು ಕಿಟಕಿ. ಅಮ್ಮ ಆ ಮನೇಲಿ ಅರವತ್ತು ವರ್ಷ ಬಾಳಿದಳಲ್ಲ, ಒಂದು ದಿನ ಆ ಜಗಲಿ ಮೇಲೆ ಕೂತದ್ದು ನೀವು ನೋಡಿದ್ದೀರಾ?”

ನಾವು ನೆನಪು ಮಾಡಿಕೊಂಡೆವು. ನೋಡಿರಲಿಲ್ಲ. ತಾಯಿಯವರು ಬೆಳಿಗ್ಗೆ ಅದನ್ನು ಸಾರಿಸಿದ್ದನ್ನು ನೋಡಿದ್ದೆವು, ರಂಗೋಲಿ ಹಾಕಿದ್ದನ್ನು ನೋಡಿದ್ದೆವು, ಕುಳಿತದ್ದನ್ನು ನೋಡಿರಲಿಲ್ಲ. ಅದೇ ಕಡೂರಿನಲ್ಲಿ 971ರ ಒಂದು ಶಿಲಾಶಾಸನವುಂಟು. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಎಂಬಾಕೆ ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟದ್ದನ್ನು ಅದು ಹೇಳುತ್ತದೆ. ಸಾವಿರ ವರ್ಷಗಳ ಹಿಂದಿನ ಒಬ್ಬ ಅಕ್ಕನ ವಿಷಯವನ್ನು ಕಲ್ಲು ನೆನಪಿಟ್ಟಿದೆ. ನಮ್ಮ ತಾಯಿ ಎಲ್ಲಿ ಕುಳಿತುಕೊಳ್ಳುತ್ತಿದ್ದರೆಂಬುದು ನಮಗೇ ನೆನಪಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ನಾವು ಹೆಚ್ಚು ಮಾತನಾಡಲಿಲ್ಲ.

ಇಷ್ಟರಲ್ಲಿ ಮತ್ತೊಂದು ಮುಂಗಾರು ಹತ್ತಿರವಾಯಿತು. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕಲ್ಲ! ಈಗ ಆ ಕೆಲಸ ಬಲ್ಲವರು ವಿರಳ. ವಿಚಾರಿಸಿದಾಗ, ಹಿಂದೆ ನಮ್ಮ ಮನೆಯ ಹೆಂಚನ್ನು ವರ್ಷ ವರ್ಷವೂ ಕೈಯಾಡಿಸುತ್ತಿದ್ದವರ ಮಗ ಇನ್ನೂ ಇದ್ದಾರೆಂದು ತಿಳಿಯಿತು. ಹೇಳಿಕಳಿಸಿದೆವು. ಎಪ್ಪತ್ತೈದು ದಾಟಿದ ಹಿರಿಯರು, ಪರಿಶಿಷ್ಟರ ಕೇರಿಯವರು, ಮೊಮ್ಮಗನ ಜೊತೆಯಲ್ಲಿ ಬಂದರು. ಮೊಮ್ಮಗ ಮಾಡಿನ ಮೇಲೆ, ಅಜ್ಜ ಕೆಳಗೆ ನಿಂತು ಹೇಳಿಕೊಡುವುದು. ಮೂರು ದಿನದ ಕೆಲಸ. ಬಿಡುವಿನಲ್ಲಿ ಮೊಮ್ಮಗ ಜಗಲಿಯ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದ. ಅಜ್ಜ ಮಾತ್ರ ಬೀದಿಯಲ್ಲಿ, ಚರಂಡಿಯ ಪಕ್ಕ ನಿಂತೇ ಇರುತ್ತಿದ್ದರು. “ಬನ್ನಿ ಅಜ್ಜ, ಮೇಲೆ ಕೂತ್ಕೊಳ್ಳಿ” ಎಂದು ನಾವು ಕರೆದರೆ, “ಇಲ್ಲೇ ಗಾಳಿ ಐತೆ ಬುದ್ಧಿ” ಎಂದು ನಗುತ್ತಿದ್ದರು.

ನಮ್ಮ ಜಗಲಿಯ ತುದಿಯಲ್ಲಿ ಒಂದು ಕಲ್ಲಿದೆ. ಮೊಳದುದ್ದದ ಕಲ್ಲಿನಲ್ಲಿ ದೋಣಿಯಂತೆ ಕೊರೆದು, ಬೀದಿಯ ಕಡೆಗೆ ಇಳಿಜಾರಾಗಿ ಕೂರಿಸಿದ್ದಾರೆ. ದಾರಿಹೋಕರಿಗೆ ನೀರುಣಿಸಲು ಹಿರಿಯರು ಇಡಿಸಿದ ಕಲ್ಲೆಂದು ನಾವು ತಿಳಿದಿದ್ದೆವು. ಯಾರು ಹೇಳಿದ್ದರೋ, ಅಥವಾ ನಾವೇ ಹಾಗೆಂದುಕೊಂಡಿದ್ದೆವೋ! ಆ ವರ್ಷ ಮನೆ ನೋಡಲು ಬಂದ ನೆಂಟರಿಷ್ಟರಿಗೆಲ್ಲ ಅದನ್ನು ತೋರಿಸಿ, “ನೋಡಿ, ಇದು ನಮ್ಮ ಮನೆಯ ದಾಸೋಹದ ಕಲ್ಲು” ಎಂದು ಹೇಳಿದ್ದೆವು. ಮನೆ ಮಾರಿದರೂ ಆ ಕಲ್ಲನ್ನು ಮಾತ್ರ ದಾವಣಗೆರೆಗೆ ಒಯ್ಯಬೇಕೆಂದು ನಿಶ್ಚಯಿಸಿದ್ದೆವು.

ಮೂರನೆಯ ದಿನ, ಅಜ್ಜನಿಗೂ ಅದನ್ನೇ ಹೇಳಿದೆವು. ಅವರು ಆ ಕಲ್ಲನ್ನು ಸ್ವಲ್ಪ ಹೊತ್ತು ನೋಡಿದರು.

“ಅದು ದಾರಿಹೋಕರಿಗಲ್ಲ ಬುದ್ಧಿ, ನಮಗೆ” ಎಂದರು. “ಹೆಂಚು ಕೈಯಾಡ್ಸೋಕೆ, ಸೌದೆ ಒಡೆಯೋಕೆ ಅಪ್ಪನ ಜತೆ ಬರ್ತಿದ್ನಲ್ಲ, ಆಗ ಚಿಕ್ಕೋನು. ಬಾಯಾರ್ದಾಗ ಇಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಬೇಕು. ಮೇಲಿಂದ ಅಮ್ಮಾರು ಚೆಂಬಲ್ಲಿ ಹುಯ್ಯೋರು. ನೀರು ಕಲ್ಲಿನ ಮೇಲೆ ಹರಿದು ಬರೋದು. ಚೆಂಬಿನ ಧಾರೆ ಕೂಡ ನಮ್ಮ ಕೈಗೆ ನೇರ ಬೀಳ್ಬಾರ್ದಲ್ಲ, ಅದಕ್ಕೆ.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತೇನೋ. ಮಾಡಿನ ಮೇಲಿದ್ದ ಮೊಮ್ಮಗ ಹೆಂಚು ಜೋಡಿಸುವುದನ್ನು ನಿಲ್ಲಿಸಿದ್ದನ್ನು ನಾವು ಗಮನಿಸಿದೆವು. ಅವನಿಗೂ ಇದು ಹೊಸ ವಿಷಯ.

ಆ ಕಲ್ಲಿನಿಂದ ಹತ್ತು ಹೆಜ್ಜೆ ಒಳಗೆ, ಪಡಸಾಲೆಯ ಗೋಡೆಯ ಮೇಲೆ, ಬಸವಣ್ಣನವರ ಪಟವಿದೆ. ತಾತನವರ ಕಾಲದ್ದು. ಪ್ರತಿನಿತ್ಯ ಅದಕ್ಕೆ ಹೂವೇರಿಸಿದ ಕೈಯೇ ಹೊರಗೆ ಬಂದು ಚೆಂಬನ್ನು ಎತ್ತರಿಸಿ ಹಿಡಿಯುತ್ತಿತ್ತು. ಹರಳಯ್ಯನವರಿಗೂ ಮಧುವರಸರಿಗೂ ಕಲ್ಯಾಣದಲ್ಲಿ ಬೀಗತನ ಬೆಳೆದ ಕಥೆಯನ್ನು ಇದೇ ಜಗಲಿಯ ಮೇಲೆ ಪುರಾಣ ಪ್ರವಚನದಲ್ಲಿ ಕೇಳಿದವರು ನಾವು. ಆ ಸಂಬಂಧಕ್ಕಾಗಿ ಶರಣರು ಪ್ರಾಣವನ್ನೇ ತೆತ್ತರೆಂದು ಕೇಳಿ ಕಣ್ಣೊರೆಸಿಕೊಂಡವರು ನಮ್ಮ ಹಿರಿಯರು. ಕಥೆ ಕೇಳುವವರು ಮೇಲೆ ಕುಳಿತಿದ್ದರು. ಕಥೆ ಯಾರನ್ನು ಕುರಿತದ್ದೋ ಅವರ ವಂಶದವರು ಕೆಳಗೆ ನಿಂತಿದ್ದರು. ನಡುವೆ ಇದ್ದುದು ಒಂದು ಮೊಳದ ಕಲ್ಲು.

ಈ ವಿಷಯವನ್ನು ಮುಚ್ಚಿಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಅಜ್ಜಂಪುರಕ್ಕೆ ಹೋಗಿ ತಮ್ಮನಿಗೆ ತಿಳಿಸಿದೆವು. ಅಜ್ಜಂಪುರ ಮೊದಲು ನಮ್ಮ ತರೀಕೆರೆ ತಾಲೂಕಿಗೇ ಸೇರಿದ್ದು, ಈಚಿನ ವರ್ಷಗಳಲ್ಲಿ ಬೇರೆ ತಾಲೂಕಾದ ಊರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ರಾಸುಗಳ ತಳಿ ಸಂವರ್ಧನ ಕೇಂದ್ರ ಅಲ್ಲಿದೆ. ತಮ್ಮನ ಮನೆಯಿರುವುದೂ ಹಳೆಯ ಪೇಟೆಯ ಬೀದಿಯಲ್ಲಿಯೇ. ಅವನು ನಮ್ಮ ಮಾತು ಕೇಳಿದೊಡನೆ, “ಆ ಕಲ್ಲನ್ನ ಇವತ್ತೇ ಒಡೆಸಿಬಿಡೋಣ ಅಣ್ಣ. ಮನೆಗೆ ಕಳಂಕ” ಎಂದ. ಅವನ ಮಗಳು ಒಪ್ಪಲಿಲ್ಲ. “ಒಡೆದ್ರೆ ನಮಗೆ ಸಮಾಧಾನ ಆಗುತ್ತೆ ದೊಡ್ಡಪ್ಪ. ಅವರಿಗೇನಾಗುತ್ತೆ?” ಎಂದು ಕೇಳಿದಳು. ಇಪ್ಪತ್ತು ವರ್ಷದ ಹುಡುಗಿಯ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವಿದ್ದವರನ್ನೇ ಕೇಳಿದೆವು. ಕೂಲಿಯ ಬಾಕಿ ಕೊಡುವ ನೆಪದಲ್ಲಿ ನಾವೇ ಅಜ್ಜನ ಮನೆಗೆ ಹೋದೆವು. ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆಯೂ ಆಗದ ದಾರಿ. ಒಂದು ವರ್ಷದಿಂದ ಊರನ್ನೆಲ್ಲ ಸುತ್ತಿ ಬಲ್ಲೆವೆಂದುಕೊಂಡ ನಾವು, ಆ ಕೇರಿಗೆ ಹೋದದ್ದು ಅದೇ ಮೊದಲು. ಅವರ ಸೊಸೆ ಕಾಫಿ ತಂದುಕೊಟ್ಟರು, ಕುಡಿದೆವು. ಕಲ್ಲನ್ನು ತೆಗೆಸಿಬಿಡಬೇಕೆಂದಿದ್ದೇವೆ, ನಿಮ್ಮ ಅಭಿಪ್ರಾಯವೇನೆಂದು ಕೇಳಿದಾಗ ಅಜ್ಜ ಬಹಳ ಹೊತ್ತು ಯೋಚಿಸಿದರು.

“ನೀರು ಕೊಡದಿದ್ದ ಮನೆಗಳೂ ಇದ್ವು ಬುದ್ಧಿ” ಎಂದರು. “ನಿಮ್ಮ ಅಜ್ಜಿ ಬೇಸಿಗೇಲಿ ಒಂದೊಂದ್ಸಲ ಮಜ್ಜಿಗೆ ಹುಯ್ಯೋರು. ಅದೂ ಆ ಕಲ್ಲಿನ ಮೇಲೇ ಬಂತು. ಕಲ್ಲು ಏನು ಮಾಡ್ತು? ಇರ್ಲಿ ಬಿಡಿ. ಯಾರಾದ್ರೂ ಕೇಳಿದ್ರೆ ಇದ್ದದ್ದನ್ನ ಹೇಳಿ.”

ಆ ಒಂದೇ ಮಾತಿನಲ್ಲಿ ನಮ್ಮ ಅಜ್ಜಿಯ ಕರುಣೆಯೂ ಇತ್ತು, ಆ ಕರುಣೆಯ ಮಿತಿಯೂ ಇತ್ತು. ಎರಡನ್ನೂ ಅವರು ಮರೆತಿರಲಿಲ್ಲ. ಮರೆತವರು ನಾವು.

ಮನೆಯ ವಿಷಯ ಹೇಗೆ ತೀರ್ಮಾನವಾಯಿತೆಂಬುದನ್ನು ಓದುಗ ಬಂಧುಗಳಿಗೆ ಹೇಳಬೇಕಲ್ಲ. ಅವಧಿ ಮುಗಿದಾಗ ಮೂವರೂ ಅದೇ ಪಡಸಾಲೆಯಲ್ಲಿ ಕುಳಿತೆವು. ತಮ್ಮನಿಗೆ ಹಣ ಬೇಕಾಗಿದ್ದುದು ನ್ಯಾಯವೇ. ನಿವೃತ್ತಿಯ ಹಣದಿಂದ ಎರಡು ಕಂತಿನಲ್ಲಿ ಅವನ ಪಾಲಿನ ಬೆಲೆ ಕೊಟ್ಟೆವು. ನಮ್ಮ ಕೈ ಈಗ ಬಿಗಿಯಾಗಿದೆ. ದಾವಣಗೆರೆಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅಕ್ಕನವರು ತಮ್ಮ ಪಾಲನ್ನು ತವರಿಗೆ ಬಿಟ್ಟುಕೊಟ್ಟಾರೆಂದು ಬಂಧುಗಳು ನಿರೀಕ್ಷಿಸಿದ್ದರು. 2005ರಲ್ಲಿ ಕಾನೂನು ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದ ಮೇಲೂ ‘ಬಿಟ್ಟುಕೊಡುವುದೇ ಚೆಂದ’ ಎನ್ನುವ ಮಾತು ನಮ್ಮಲ್ಲಿ ನಿಂತಿಲ್ಲ. ಅಕ್ಕ ಹೇಳಿದ್ದು ಇಷ್ಟೇ: “ಮಾರೋದೂ ಬೇಡ, ಬಿಡೋದೂ ಇಲ್ಲ. ನನ್ನ ಪಾಲು ನನ್ನ ಹೆಸರಲ್ಲೇ ಇರ್ಲಿ. ಬಂದಾಗ ಜಗಲಿ ಮೇಲೆ ಕೂರ್ತೀನಿ.” ನಾವು ಸಂತೋಷದಿಂದ ಒಪ್ಪಿದೆವು.

ಮುಂದಿನ ಬಸವ ಜಯಂತಿಯ ದಿನ ಮನೆಯಲ್ಲಿ ಪ್ರಸಾದದ ಏರ್ಪಾಡಾಯಿತು. ಅಜ್ಜನನ್ನೂ ಅವರ ಮನೆಯವರನ್ನೂ ಹೋಗಿ ಕರೆದು ಬಂದಿದ್ದೆವು. ಬಂದರು. ಸೊಸೆ, ಮೊಮ್ಮಗ, ಶಾಲೆಗೆ ಹೋಗುವ ಪುಟ್ಟ ಮೊಮ್ಮಗಳು ಸರಾಗವಾಗಿ ಒಳಗೆ ಹೋದರು. ಅಜ್ಜ ಜಗಲಿಯ ಮೆಟ್ಟಿಲ ಬಳಿ ನಿಂತರು. ನಾವು ಕರೆದೆವು, ಅಕ್ಕ ಕರೆದರು. ಕೊನೆಗೆ ಮೊಮ್ಮಗಳು ಹೊರಗೋಡಿ ಬಂದು, “ತಾತ, ಎಲೆ ಹಾಕಿದಾರೆ, ಬಾ” ಎಂದು ಕೈ ಹಿಡಿದೆಳೆದಳು. ತಾತ ಯಾಕೆ ನಿಂತಿದ್ದಾರೆಂಬುದು ಆ ಮಗುವಿಗೆ ಗೊತ್ತಿರಲಿಲ್ಲ. ಅವರು ಮೆಟ್ಟಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಪಂಕ್ತಿಯಲ್ಲಿ ಕುಳಿತರು. ಊಟದಲ್ಲಿ ಹೆಚ್ಚೇನೂ ಮಾತಾಗಲಿಲ್ಲ. ಎದ್ದು ಹೊರಡುವಾಗ ಮೇಲೆ ನೋಡಿ, “ಆ ಮೂಲೇಲಿ ಎರಡು ಹೆಂಚು ಸರಿದಾವೆ, ಹುಡುಗನ್ನ ಕಳಿಸ್ತೀನಿ” ಎಂದರು.

ಒಂದು ದಿನದ ಊಟದಿಂದ ತಲೆಮಾರುಗಳ ಲೆಕ್ಕ ಚುಕ್ತಾ ಆಯಿತೆಂದು ನಾವು ಭಾವಿಸಿಲ್ಲ. ಅವರು ನಮ್ಮನ್ನು ಇನ್ನೂ ‘ಬುದ್ಧಿ’ ಎಂದೇ ಕರೆಯುತ್ತಾರೆ, ಬೇಡವೆಂದರೆ ನಗುತ್ತಾರೆ. ಆದರೆ ಮನೆ ನೋಡಲು ಬಂದವರಿಗೆ ಈಗ ನಾವು ಆ ಕಲ್ಲಿನ ಮುಂದೆ ನಿಂತು ಹೇಳುವ ಮಾತು ಬದಲಾಗಿದೆ.

ಅಮೃತಾಪುರದ ಗುಡಿ 1196ರಲ್ಲಿ ಕಟ್ಟಿದ್ದು. ನಮ್ಮೂರಿನಿಂದ ಹತ್ತು ಕಿಲೋಮೀಟರ್ ಅಷ್ಟೇ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಬರಲಿ. ಅದರ ಕಂಬಗಳ ನುಣುಪನ್ನು ನೋಡಿ ನಾವೂ ಹಿಗ್ಗಿದ್ದೇವೆ. ಹಳೆಯ ಪೇಟೆಗಳನ್ನು ನೋಡಲು ಮಾತ್ರ ಇನ್ನೊಂದು ಕಣ್ಣು ಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳಲ್ಲಿ ನಮ್ಮ ಸಮಾಜದ ಎಷ್ಟೋ ಮನೆತನಗಳ ಹಳೆಯ ಮನೆಗಳು ಬೀಗ ಹಾಕಿಕೊಂಡು, ಪಾಲಿನ ತಕರಾರಿನಲ್ಲಿ, ಮಳೆಗೆ ಕರಗುತ್ತಿವೆ. ಅವುಗಳನ್ನು ಉಳಿಸಿಕೊಳ್ಳಿರೆಂದು ಹೇಳುವಷ್ಟು ಅಧಿಕಾರ ನಮಗಿಲ್ಲ. ಅವರವರ ಕಷ್ಟ ಅವರವರಿಗೆ. ಆದರೆ ಕೆಡವುವ ಮುನ್ನ ಒಮ್ಮೆ ಅಲ್ಲಿ ಹೋಗಿ ಇರಿ. ಬೀದಿಯಲ್ಲಿ ನಡೆಯಿರಿ. ಜಗಲಿಯ ಮೇಲೆ ಕುಳಿತವರ ಕಥೆ ನಿಮಗೆ ಗೊತ್ತೇ ಇರುತ್ತದೆ. ಕಿಟಕಿಯ ಹಿಂದೆ ನಿಂತವರನ್ನೂ, ಚರಂಡಿಯ ಪಕ್ಕ ನಿಂತವರನ್ನೂ, ಅವರು ಇನ್ನೂ ನಮ್ಮ ನಡುವೆ ಇರುವಾಗಲೇ, ಒಮ್ಮೆ ಕೇಳಿನೋಡಿ.